ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯೂ ನಮ್ಮ ಮಾಮನೂ

ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ, ಎರಡೂ ಪ್ರಾಣಿಗಳೇ. ಈ ಮಹಾಸತ್ಯವನ್ನು ಎಂಜಿನಿಯರಿಂಗ್ ಮಕ್ಕಳಿಗೆ ತಿಳಿಸಲು ನಾನು ವರ್ಷಗಟ್ಟಲೆ ಕಾಪುವಿನಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದೇನೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ವಿಷಯದ ಯಾವ ಪುಸ್ತಕ ತೆರೆದರೂ ಮೊದಲು ಎದುರಾಗುವುದು ಒಂದು ನಾಯಿ, ಅದರ ಹಿಂದೆ ಒಂದು ಬೆಕ್ಕು. ಕೆಲವು ಪುಸ್ತಕಗಳಲ್ಲಿ ಹಸುವೂ ಬರುತ್ತದೆ. ಪಾಠ ಮಾಡಿ ಮಾಡಿ ನನಗೆ ನಿಜವಾದ ನಾಯಿ ಕಂಡರೂ ಸಿಟ್ಟು ಬರತೊಡಗಿತ್ತು.

ಕಾಲೇಜು ಇದ್ದದ್ದು ಮಣಿಪಾಲ ದಾಟಿ ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿ. ಚಿಕ್ಕ ಕಾಲೇಜು, ಹೆಸರು ಬೇಡ. ನಾನು ಅಲ್ಲಿ ಗುತ್ತಿಗೆಯ ಉಪನ್ಯಾಸಕಿ. ಗುತ್ತಿಗೆ ಎಂದರೆ, ‘ನಿಮ್ಮನ್ನು ಈ ವರ್ಷವೂ ಮುಂದುವರಿಸುತ್ತಾರಂತೆ’ ಎಂಬ ಸುದ್ದಿ ಪ್ರತಿ ಮಳೆಗಾಲದ ಹೊತ್ತಿಗೆ ಆಫೀಸಿನ ಗುಮಾಸ್ತರ ಬಾಯಿಂದ ಬರುವವರೆಗೆ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಕೂರುವುದು. ಪ್ರಿನ್ಸಿಪಾಲರನ್ನು ನಾನಾಗಿ ಹೋಗಿ ಕೇಳಿದವಳಲ್ಲ. ನಮ್ಮ ಕಡೆ ಮುಖ್ಯವಾದ ಯಾವ ವಿಷಯವನ್ನೂ ನೇರವಾಗಿ ಕೇಳುವ ಕ್ರಮವಿಲ್ಲ. ಹೆಣ್ಣು ಕೇಳುವುದಿರಲಿ, ಪಕ್ಕದ ಮನೆಯವರ ತೆಂಗಿನ ಮರ ನಮ್ಮ ಹಂಚಿನ ಮೇಲೆ ಬಾಗಿದ್ದಿರಲಿ, ಮೂರನೆಯವರ ಹತ್ತಿರ ಹೇಳಿ ಕಳುಹಿಸುತ್ತೇವೆ. ಉತ್ತರವೂ ಅದೇ ದಾರಿಯಲ್ಲಿ ಬರುತ್ತದೆ. ಯಾರಿಗೂ ಮುಖ ಕೆಡುವುದಿಲ್ಲ, ಯಾವ ಕೆಲಸವೂ ಬೇಗ ಆಗುವುದಿಲ್ಲ.

ಆ ವರ್ಷ ಆಡಳಿತ ಮಂಡಳಿಯವರು ಹೊಸ ಮಾತು ತೆಗೆದರು. ಇನ್ನು ಮುಂದೆ ಗುತ್ತಿಗೆಯ ಹುದ್ದೆಯೇ ಇಲ್ಲ. ನನ್ನ ಹುದ್ದೆಯನ್ನು ಖಾಯಂ ಮಾಡುತ್ತಾರೆ, ಆದರೆ ಅದಕ್ಕೆ ನಾನು ಸಮಿತಿಯ ಎದುರು ಒಂದು ಮಾದರಿ ಪಾಠ ಮಾಡಬೇಕು. ಅವರು ಒಪ್ಪಿದರೆ ಖಾಯಂ, ಒಪ್ಪದಿದ್ದರೆ ಮನೆಯಲ್ಲಿ ಕೂತು ಮೀನು ಕೊಯ್ಯಬೇಕು. ವಿಷಯವನ್ನೂ ಅವರೇ ಕೊಟ್ಟರು: ಒಂದು ಪ್ರೋಗ್ರಾಮಿಂಗ್ ಭಾಷೆ ನಿಜವಾಗಿ ಆಬ್ಜೆಕ್ಟ್ ಓರಿಯೆಂಟೆಡ್ ಎನಿಸಿಕೊಳ್ಳುವುದು ಯಾವುದರಿಂದ?

ಕ್ಯಾಂಟೀನಿನಲ್ಲಿ ಈ ಸುದ್ದಿ ಕೇಳಿದ ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿ ತಿನ್ನುತ್ತಿದ್ದ ಬನ್ಸನ್ನು ತಟ್ಟೆಗೆ ಇಳಿಸಿದರು. ಅವರು ಅಜೆಕಾರಿನವರು, ಕೊಂಕಣಿ ಮನೆಮಾತಿನ ಕ್ಯಾಥೊಲಿಕರು. ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು, ಭಾನುವಾರ ಚರ್ಚಿನ ಪೂಜೆ ಮುಗಿಸಿ ಅಡಿಕೆ ತೋಟಕ್ಕೆ ಇಳಿಯುತ್ತಿದ್ದರು. ಎಂದೋ ಖಾಯಂ ಆದವರಾದ್ದರಿಂದ ಅವರಿಗೆ ಸತ್ಯ ಹೇಳುವ ಧೈರ್ಯವಿತ್ತು.

“ಸಾವು ಮಾರಾಯ್ರೆ,” ಎಂದರು. “ಇದು ಪಾಠವಾ, ಜಗಳಕ್ಕೆ ಕೊಟ್ಟ ವಿಷಯವಾ? ನಾಲ್ಕು ಜನ ಪ್ರೋಗ್ರಾಮರುಗಳಿಗೆ ಈ ಪ್ರಶ್ನೆ ಹಾಕಿದರೆ ಐದು ಪಕ್ಷ ಆಗ್ತದೆ.”

“ಆಬ್ಜೆಕ್ಟ್ ಓರಿಯೆಂಟೆಡ್ಡಿಗೆ ನಾಲ್ಕು ಕಂಬ ಅಂತ ಉಂಟಲ್ಲ ಸರ್, ಎಲ್ಲ ಪುಸ್ತಕದಲ್ಲೂ ಇರುವುದು. ಅದನ್ನೇ ಹೇಳಿದರಾಯ್ತು.”

“ಕಂಬ ನೆಟ್ಟ ಕೂಡಲೇ ಅದು ಮನೆ ಆಗ್ತದಾ ಮೇಡಂ? ಬಸ್‌ಸ್ಟ್ಯಾಂಡಿಗೂ ಕಂಬ ಉಂಟು.” ಬನ್ಸನ್ನು ಮತ್ತೆ ಕೈಗೆತ್ತಿಕೊಂಡರು. “ಆ ಹೆಸರು ಹುಟ್ಟಿದಾಗ ಮನಸ್ಸಿನಲ್ಲಿ ಇದ್ದದ್ದು ಮಾತುಕತೆ. ಒಂದು ಆಬ್ಜೆಕ್ಟು ಇನ್ನೊಂದಕ್ಕೆ ಸಂದೇಶ ಕಳಿಸ್ತದೆ. ಹೇಗೆ ಉತ್ತರ ಕೊಡಬೇಕು ಅಂತ ಕೇಳಿಸಿಕೊಂಡದ್ದೇ ತೀರ್ಮಾನ ಮಾಡ್ತದೆ. ಅಷ್ಟೇ. ಸ್ಮಾಲ್‌ಟಾಕ್ ಅಂತ ಹಳೆಯ ಭಾಷೆ ಉಂಟಲ್ಲ, ಅದರಲ್ಲಿ ಮೂರಕ್ಕೆ ನಾಲ್ಕು ಕೂಡಿಸುವುದಾದರೂ ಮೂರರ ಹತ್ತಿರ ಹೋಗಿ ‘ಸ್ವಾಮೀ, ನಾಲ್ಕನ್ನು ಸೇರಿಸಿಕೊಳ್ತೀರಾ’ ಅಂತ ಕೇಳಬೇಕು. ಅಷ್ಟು ಮರ್ಯಾದೆ!”

“ನಾವು ಕಲಿಸುವ ಜಾವಾದಲ್ಲಿ?”

ಅವರು ಆಚೀಚೆ ನೋಡಿ ಸ್ವರ ತಗ್ಗಿಸಿದರು. “ಅದರಲ್ಲಿ ಸಂಖ್ಯೆಗಳು ಆಬ್ಜೆಕ್ಟುಗಳಲ್ಲ, ಗೊತ್ತುಂಟಲ್ಲ? ಹೊರಗೆ ಕೂರಿಸಿದ್ದಾರೆ. ಆದರೆ ಆ ಮಾತು ಸಮಿತಿಯ ಎದುರು ತೆಗೆಯಬೇಡಿ. ನಮ್ಮ ಎಚ್‌ಒಡಿ ಬರೆದ ನೋಟ್ಸಿನ ಮೊದಲ ಸಾಲು ನೆನಪುಂಟಾ?”

ನೆನಪಿಲ್ಲದೆ ಏನು. ವಿಭಾಗದ ಮುಖ್ಯಸ್ಥರು ಸ್ವತಃ ಬರೆದು, ಪ್ರಿಂಟು ಮಾಡಿಸಿ, ಪ್ರತಿ ವರ್ಷ ಮಕ್ಕಳಿಗೆ ಹಂಚುತ್ತಿದ್ದ ನೋಟ್ಸು ಅದು. ‘ಜಾವಾ ನೂರಕ್ಕೆ ನೂರು ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ’ ಎಂದೇ ಅದು ಶುರುವಾಗುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ. ಸಮಿತಿಯಲ್ಲಿ ಎಚ್‌ಒಡಿಯವರೂ ಇದ್ದರು.

ಇನ್ನು ನಮ್ಮ ಮನೆಯ ವಿಷಯ ಹೇಳಬೇಕು, ಯಾಕೆಂದರೆ ನನ್ನ ಪಾಠ ಹಾದಿ ತಪ್ಪಿದ್ದು ಅಲ್ಲಿ. ಕಾಪುವಿನಲ್ಲಿ ಕಡಲಿನಿಂದ ಸ್ವಲ್ಪ ಈಚೆಗೆ ನಮ್ಮ ಮನೆ. ನಮ್ಮದು ಹೆಣ್ಣಿನ ಕಡೆಯಿಂದ ನಡೆದುಬಂದ ಕುಟುಂಬ. ಮನೆ ಅಮ್ಮನದು, ಯಜಮಾನಿಕೆ ಅಮ್ಮನ ಅಣ್ಣನದು, ಎಂದರೆ ನನ್ನ ಮಾಮನದು. ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಹೋಗಿದ್ದರು. ಮಾಮ ಮದುವೆಯಾಗಿರಲಿಲ್ಲ. ಬೋಟಿನಲ್ಲಿ ತಂಡೇಲನಾಗಿದ್ದು, ಎಂದರೆ ಬೋಟು ನಡೆಸುವ ಮುಖ್ಯಸ್ಥನಾಗಿದ್ದು, ಈಗ ದಡದಲ್ಲಿ ಕೂತು ಗಾಳಿಗೆ ಬೈಯುತ್ತಿದ್ದರು. ಅಮ್ಮ ಕಾಪು ಪೇಟೆಯಲ್ಲಿ ಮೀನು ಮಾರಿದವಳು. ಮಂಡಿನೋವು ಬಂದ ಮೇಲೆ ಮಾರುವುದು ನಿಂತಿತ್ತು, ಸ್ವರ ಮಾತ್ರ ಮಾರುಕಟ್ಟೆಯದೇ ಉಳಿದಿತ್ತು.

ಈ ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಒಮ್ಮೆ ನೆಂಟರು ಊಟಕ್ಕೆ ಕೂತಿದ್ದಾಗ ಮಾಮ ಅಮ್ಮನ ಬಂಗುಡೆ ಸಾರು ಉಂಡು, ಇದಕ್ಕಿಂತ ಹೋಟೆಲಿನದು ಅಡ್ಡಿಯಿಲ್ಲ ಎಂದಿದ್ದರು. ಅಷ್ಟೇ. ಅಮ್ಮ ಅಂದಿನಿಂದ ಅವರೊಡನೆ ಬಾಯಿ ಬಿಡಲಿಲ್ಲ, ಅಮ್ಮ ಬಿಡಲಿಲ್ಲವೆಂದು ಮಾಮನೂ ಬಿಡಲಿಲ್ಲ. ಮನೆ ತಂಗಿಯದು, ಯಜಮಾನಿಕೆ ಅಣ್ಣನದು, ಆದ್ದರಿಂದ ಸಿಟ್ಟು ಮಾಡಿಕೊಂಡು ಹೊರಟುಹೋಗುವ ಅನುಕೂಲವೂ ಇಬ್ಬರಿಗಿರಲಿಲ್ಲ. ಮಧ್ಯದಲ್ಲಿ ನಾನಿದ್ದೆ.

“ಮಾಮನಿಗೆ ಹೇಳು, ಗಂಜಿ ಆರ್ತದೆ ಅಂತ.” ಮಾಮ ಅಲ್ಲೇ ಬೆಂಚಿನಲ್ಲಿ ಕೂತಿರುತ್ತಾರೆ.

“ಅಮ್ಮನಿಗೆ ಹೇಳು, ಬಿಸಿ ಗಂಜಿ ಬೇಕು ಅಂತ ಇಲ್ಲಿ ಯಾರೂ ಅರ್ಜಿ ಹಾಕಿಲ್ಲ ಅಂತ.”

ಮನೆಯ ಮಾತು ತುಳು. ಇಲ್ಲಿ ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆ ಮಾಡಿದ್ದೇನೆ. ಇಬ್ಬರಿಗೂ ಎಲ್ಲವೂ ಕೇಳಿಸಿರುತ್ತದೆ. ಆದರೂ ನಾನು ಹೇಳುವವರೆಗೆ ಅದು ತಲುಪಿದ ಹಾಗಲ್ಲ. “ಮಾಮ, ಊಟಕ್ಕೆ ಬರಬೇಕಂತೆ”, “ಅಮ್ಮ, ಮಾಮ ಈಗ ಬರ್ತಾರಂತೆ” ಎಂದು ನಾನು ಕುತ್ತಿಗೆಯನ್ನು ಆಚೆಗೂ ಈಚೆಗೂ ತಿರುಗಿಸುತ್ತಿದ್ದೆ. ನಾನು ಕಾಲೇಜಿಗೆ ಹೋದರೆ ಮನೆಯಲ್ಲಿ ಮೌನ. ಸಂಜೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಇಡೀ ದಿನದ ಬಾಕಿ ಮಾತುಗಳನ್ನು ಹಿಡಿದುಕೊಂಡು ಇಬ್ಬರೂ ಬಾಗಿಲಿಗೆ ಬರುತ್ತಿದ್ದರು. ಕಾಲೇಜಿನಲ್ಲಿ ನಾನು ಗುತ್ತಿಗೆಯವಳು, ಮನೆಯಲ್ಲಿ ಮಾತ್ರ ಖಾಯಂ.

ಮಾದರಿ ಪಾಠದ ಹಿಂದಿನ ಭಾನುವಾರ ಮನೆಯಲ್ಲೇ ಅಭ್ಯಾಸ ಮಾಡೋಣ ಎನಿಸಿತು. ಚಾವಡಿಯ ಗೋಡೆಗೆ ಹಳೆಯ ಕ್ಯಾಲೆಂಡರನ್ನು ತಿರುಗಿಸಿ ತೂಗುಹಾಕಿದೆ. ಅಮ್ಮ ಬೂತಾಯಿ ಮೀನಿನ ಪಾತ್ರೆ ಮತ್ತು ಕತ್ತಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಮಾಮ ಬೆಂಚಿನಲ್ಲಿ. ನಡುವೆ ನಾನು, ಕೈಯಲ್ಲಿ ಸ್ಕೆಚ್ ಪೆನ್ನು.

“ಆಬ್ಜೆಕ್ಟ್ ಅಂದರೆ,” ಎಂದು ಶುರುಮಾಡಿದೆ, “ಕಂಪ್ಯೂಟರಿನ ಪ್ರೋಗ್ರಾಮಿನ ಒಳಗಿನ ಒಂದು ಚಿಕ್ಕ ಜೀವ ಅಂತ ಇಟ್ಟುಕೊಳ್ಳಿ. ಅದಕ್ಕೆ ಬೇಕಾದ್ದು ಅದರ ಹತ್ತಿರವೇ ಇರ್ತದೆ. ಹೊರಗಿನವರು ಒಳಗೆ ಕೈ ಹಾಕುವ ಹಾಗಿಲ್ಲ, ಕೇಳಬೇಕು. ಉದಾಹರಣೆಗೆ ಒಂದು ನಾಯಿ...”

“ನಾಯಿ ಯಾಕೆ ಇದರೊಳಗೆ?” ಎಂದಳು ಅಮ್ಮ.

“ಪುಸ್ತಕದಲ್ಲಿ ಹಾಗೆ ಉಂಟು.”

“ನನ್ನ ಮಸಾಲೆ ಡಬ್ಬಿಗೆ ಯಾರಾದರೂ ಕೈ ಹಾಕಲಿ ನೋಡುವ. ಬೇಕಾದರೆ ನನ್ನನ್ನು ಕೇಳಬೇಕು. ಎಷ್ಟು ಕೊಡುವುದು ಅಂತ ನಾನು ಹೇಳ್ತೇನೆ. ಅದಕ್ಕೆ ನಾಯಿ ಬೇಕಾ?”

ನಾನು ಅಷ್ಟು ವರ್ಷ ಕಲಿಸಿದ ಎನ್‌ಕ್ಯಾಪ್ಸುಲೇಷನ್ ಎಂಬ ಅಧ್ಯಾಯ ಹೊಸ್ತಿಲಲ್ಲಿ ಕೂತು ಬೂತಾಯಿಯ ತಲೆ ಕತ್ತರಿಸುತ್ತಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು, ಇಷ್ಟು ಹತ್ತಿರ ಇದ್ದದ್ದನ್ನು ಬಿಟ್ಟು ಯಾರದೋ ನಾಯಿಯ ಹಿಂದೆ ಓಡಿದೆನಲ್ಲ ಎಂದು.

ಆಮೇಲೆ ಪಾಠ ತಾನಾಗಿ ನಡೆಯಿತು. “ಬೋಟು ಬಂತು” ಎಂದು ಯಾರೋ ಕೂಗಿದರು ಎಂದಿಟ್ಟುಕೊಳ್ಳಿ ಎಂದೆ. ಮಾತು ಒಂದೇ. ಕೇಳಿದ ಕೂಡಲೇ ಅಮ್ಮ ಬುಟ್ಟಿ ಎತ್ತುತ್ತಾಳೆ, ಮಾಮ ಹಗ್ಗ ಹಿಡಿಯಲು ಓಡುತ್ತಾರೆ, ಐಸಿನ ಅಂಗಡಿಯವ ಶಟರು ತೆಗೆಯುತ್ತಾನೆ. ಕೂಗಿದವನು ಯಾರಿಗೂ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಲ್ಲ. ಏನು ಮಾಡಬೇಕೆಂದು ಅವರವರಿಗೆ ಗೊತ್ತು. ಇದಕ್ಕೆ ಪುಸ್ತಕದವರು ಪಾಲಿಮಾರ್ಫಿಸಂ ಎನ್ನುತ್ತಾರೆ ಎಂದೆ. ಅಮ್ಮ, ಇಷ್ಟಕ್ಕೆ ಅಷ್ಟು ಉದ್ದದ ಹೆಸರಾ ಎಂದಳು.

“ಅಮ್ಮನಿಗೆ ಹೇಳು, ನಾನು ಹಗ್ಗ ಹಿಡಿಯಲಿಕ್ಕೆ ಓಡುವವನಲ್ಲ, ತಂಡೇಲ ಬೋಟಿನ ಒಳಗೇ ಇರುವವ ಅಂತ,” ಎಂದರು ಮಾಮ.

“ಉದಾಹರಣೆ ಮಾಮ.”

“ಉದಾಹರಣೆಯಲ್ಲಾದರೂ ಸರಿಯಾದ ಕೆಲಸ ಕೊಡು.”

ಕೊನೆಗೆ ನಿಜವಾದ ಪ್ರಶ್ನೆಗೆ ಬಂದೆ. ಕೆಲವು ಭಾಷೆಗಳಲ್ಲಿ ಎಲ್ಲವೂ ಆಬ್ಜೆಕ್ಟುಗಳೇ, ಯಾರನ್ನು ಬೇಕಾದರೂ ಮಾತಾಡಿಸಬಹುದು. ನಾನು ಕಲಿಸುವ ಭಾಷೆಯಲ್ಲಿ ಸಂಖ್ಯೆಗಳನ್ನು ಹೊರಗಿಟ್ಟಿದ್ದಾರೆ. ಅವುಗಳಿಗೆ ಸಂದೇಶ ಕಳುಹಿಸಲು ಬರುವುದಿಲ್ಲ, ಎತ್ತಿ ಬಳಸುವುದಷ್ಟೇ. ಮಾತಾಡಿಸಲೇಬೇಕಾದರೆ ಸಂಖ್ಯೆಯನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಆ ಪೆಟ್ಟಿಗೆಯ ಮೂಲಕ ಮಾತಾಡಿಸಬೇಕು ಎಂದು ಪೆಟ್ಟಿಗೆಯ ಚಿತ್ರ ಬರೆದೆ.

“ಯಾಕೆ ಹೊರಗೆ?” ಎಂದು ಕೇಳಿದರು ಮಾಮ. ಈ ಸಲ ಸ್ವರ ಮೆತ್ತಗಿತ್ತು.

“ಕೆಲಸ ಬೇಗ ಆಗ್ತದೆ ಅಂತ. ಪ್ರತಿಯೊಂದಕ್ಕೂ ಕೇಳುವುದು, ಉತ್ತರಕ್ಕೆ ಕಾಯುವುದು ಅಂದರೆ ಹೊತ್ತು ಹೋಗ್ತದಲ್ಲ.”

ಮಾಮ ಕ್ಯಾಲೆಂಡರನ್ನೇ ನೋಡುತ್ತಿದ್ದರು. “ಪಾಪ,” ಎಂದರು. ಸಂಖ್ಯೆಗೆ ಪಾಪ ಎಂದವರನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮನ ಕತ್ತಿ ನಿಂತಿತ್ತು. ಗೋಡೆಯಲ್ಲಿ ನಾನೇ ಬರೆದ ಪೆಟ್ಟಿಗೆಯನ್ನು ನೋಡಿದೆ. ಆ ಮನೆಯಲ್ಲಿ ಪೆಟ್ಟಿಗೆ ಯಾರೆಂದು ಹೊಳೆದು ನನಗೆ ನಗು ಬಂತು, ಸ್ಕೆಚ್ ಪೆನ್ನಿನ ಮುಚ್ಚಳ ಹಾಕಿದೆ.

ಪಾಠದ ದಿನ ಉಡುಪಿಯಲ್ಲಿ ಬಸ್ಸು ಬದಲಿಸಿ ಹೋಗುವಾಗ ಕಡಿಯಾಳಿಯಲ್ಲಿ ದೇವಸ್ಥಾನದ ಕಡೆಗೆ ಬಸ್ಸಿನೊಳಗಿಂದಲೇ ಕೈ ಮುಗಿದೆ. ಜಾವಾದ ಬಗ್ಗೆ ಯಾರೂ ಕೇಳದಿರಲಿ ಎಂದಷ್ಟೇ ಬೇಡಿದ್ದು.

ಸೆಮಿನಾರ್ ಹಾಲಿನಲ್ಲಿ ಮಕ್ಕಳು, ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಎಚ್‌ಒಡಿಯವರು, ಬೇರೆ ಕಾಲೇಜಿನಿಂದ ಬಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು. ಹತ್ತಿಯ ಸೀರೆ, ಕೈಯಲ್ಲಿ ಪೆನ್ನೂ ಇಲ್ಲ, ಕಾಗದವೂ ಇಲ್ಲ. ಹಿಂದಿನ ಸಾಲಿನಲ್ಲಿ ಅಜೆಕಾರಿನ ಸರ್ ಜಪಮಾಲೆ ಹಿಡಿದವರ ಮುಖ ಮಾಡಿಕೊಂಡು ಕೂತಿದ್ದರು. ಪಾಠ ಇಂಗ್ಲಿಷಿನಲ್ಲಿ ಶುರುವಾಯಿತು. ಆದರೆ ಬೋಟು ಬಂದ ಮೇಲೆ ನನ್ನ ಇಂಗ್ಲಿಷು ಇಳಿದುಹೋಯಿತು, ಉಳಿದದ್ದೆಲ್ಲ ಕನ್ನಡದಲ್ಲೇ ನಡೆಯಿತು. ಮಕ್ಕಳು ನಕ್ಕರು. ಯಾವಾಗಲೂ ಮೊಬೈಲು ನೋಡುವವರು ತಲೆ ಎತ್ತಿದರು. ತಂಡೇಲನನ್ನು ಈ ಸಲ ಬೋಟಿನ ಒಳಗೇ ಇರಿಸಿದ್ದೆ. ಎಲ್ಲ ಚೆನ್ನಾಗಿಯೇ ಹೋಗುತ್ತಿತ್ತು.

ಪ್ರಾಧ್ಯಾಪಕಿ ಕೈ ಎತ್ತಿದರು. “ಮೇಡಂ, ನೀವು ಇಲ್ಲಿ ಕಲಿಸುವುದು ಜಾವಾ ಅಲ್ವಾ? ಅದು ನಿಜವಾಗಿ ಆಬ್ಜೆಕ್ಟ್ ಓರಿಯೆಂಟೆಡಾ?”

ಕಡಿಯಾಳಿಯ ದೇವಿಗೆ ಬೇರೆ ಕೆಲಸವಿತ್ತೋ ಏನೋ. ಎಚ್‌ಒಡಿಯವರು ಪ್ರಸನ್ನರಾಗಿ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ಖಾಯಂ. ಅಷ್ಟು ಸುಲಭ. ಆದರೆ ಹತ್ತಿಯ ಸೀರೆಯವರಿಗೆ ಉತ್ತರ ಮೊದಲೇ ಗೊತ್ತಿದೆ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆಗ ನಾನು, ನಮ್ಮ ಕರಾವಳಿಯವರೆಲ್ಲ ಇಕ್ಕಟ್ಟಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಮೂರನೆಯವರ ಮೂಲಕ ಹೇಳಿದೆ.

“ನೂರಕ್ಕೆ ನೂರು ಅಂತ ನಮ್ಮ ಎಚ್‌ಒಡಿ ಸರ್ ಅವರ ನೋಟ್ಸಿನಲ್ಲಿ ಉಂಟು ಮೇಡಂ.”

“ಅವರನ್ನು ಆಮೇಲೆ ಕೇಳ್ತೇನೆ.”

“ಸಿಲೆಬಸ್ಸಿನಲ್ಲಿ ಕೂಡ ಹಾಗೆ...”

“ನಾನು ಸಿಲೆಬಸ್ಸನ್ನು ಕೇಳಲಿಲ್ಲ. ನಿಮ್ಮನ್ನು ಕೇಳಿದೆ.”

ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಇನ್ನೊಬ್ಬರು ಹೇಳಿದ್ದನ್ನು ದಾಟಿಸಿಯೇ ಅಭ್ಯಾಸವಾದವಳಿಗೆ, ನಿನಗೆ ಏನನಿಸುತ್ತದೆ ಎಂದು ಕೇಳಿದರೆ ಯಾರ ಕಡೆಗೆ ತಿರುಗಬೇಕೆಂದೇ ತಿಳಿಯುವುದಿಲ್ಲ.

“ಅಲ್ಲ,” ಎಂದೆ. ಮೈಕು ಅದನ್ನು ಹಾಲಿನ ಮೂಲೆ ಮೂಲೆಗೂ ಮುಟ್ಟಿಸಿತು. “ಪೂರ್ತಿಯಾಗಿ ಅಲ್ಲ ಮೇಡಂ. ಸಂಖ್ಯೆಗಳು ಹೊರಗೆ ಉಂಟು. ಕೆಲಸ ಬೇಗ ಆಗಲಿ ಅಂತ ಹಾಗೆ ಮಾಡಿದ್ದು, ಅದರಿಂದ ಉಪಯೋಗವೂ ಉಂಟು. ಅದು ಒಳ್ಳೆಯ ಭಾಷೆಯೇ. ಆದರೆ ನೂರಕ್ಕೆ ನೂರು ಅನ್ನಲಿಕ್ಕೆ ಬರುವುದಿಲ್ಲ.” ಹೇಳಲು ಶುರುಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಕ್ಲಾಸ್ ಎಂಬ ಅಚ್ಚೇ ಇಲ್ಲದೆ ಒಂದು ಆಬ್ಜೆಕ್ಟಿನಿಂದ ಇನ್ನೊಂದನ್ನು ಮಾಡಿಕೊಳ್ಳುವ ಭಾಷೆಗಳೂ ಇವೆ, ಅವುಗಳನ್ನು ಅಲ್ಲ ಎನ್ನಲಾಗದು ಎಂದೆ. ಕ್ಲಾಸುಗಳನ್ನು ರಾಶಿ ಹಾಕಿಯೂ ಒಂದರ ಹೊಟ್ಟೆಗೆ ಇನ್ನೊಂದು ಕೈ ಹಾಕುವಂತೆ ಬರೆದರೆ ಹೆಸರಿಗೆ ಮಾತ್ರ ಆಬ್ಜೆಕ್ಟ್ ಓರಿಯೆಂಟೆಡ್ ಎಂದೆ. “ನನ್ನ ಲೆಕ್ಕದಲ್ಲಿ ನೋಡಬೇಕಾದ್ದು ಇಷ್ಟೇ. ಒಳಗಿರುವ ಯಾರನ್ನಾದರೂ ನೇರವಾಗಿ ಕೇಳಬಹುದಾ? ಕೇಳಿದರೆ ಉತ್ತರ ಕೊಡುವ ರೀತಿ ಅವರದೇ ಆಗಿರ್ತದಾ?”

ಎಚ್‌ಒಡಿಯವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಪ್ರಾಧ್ಯಾಪಕಿ ಥ್ಯಾಂಕ್ಯೂ ಎಂದಷ್ಟೇ ಹೇಳಿದರು.

ಹೊರಗೆ ಅಜೆಕಾರಿನ ಸರ್ ನನ್ನನ್ನು ನೋಡಿ ತಲೆಯಲ್ಲಾಡಿಸಿದರು. “ಎಂತ ಮಾಡಿದ್ರಿ ಮಾರಾಯ್ರೆ! ನಾನು ಎಂತ ಹೇಳಿದ್ದು? ಇನ್ನು ನಮ್ಮ ತೋಟಕ್ಕೆ ಬನ್ನಿ, ಅಡಿಕೆ ಹೆಕ್ಕಲಿಕ್ಕೆ ಜನ ಸಿಗುವುದಿಲ್ಲ.” ಆಮೇಲೆ ನಕ್ಕು, “ಪಾಠ ಮಾತ್ರ ಭಾರೀ ಲಾಯ್ಕಾಗಿತ್ತು,” ಎಂದರು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅದೂ ಅಪಶಕುನದಂತೆ ಕಂಡಿತು.

ಮನೆಯಲ್ಲಿ ನಡೆದದ್ದನ್ನು ಹೇಳಿದಾಗ ಅಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಡಿದಳು. “ಹೌದು ಅಂದುಬಿಡುವುದಲ್ವಾ? ಹೌದು ಅನ್ನಲಿಕ್ಕೆ ನಿನ್ನ ಗಂಟೆಂತ ಹೋಗ್ತಿತ್ತು? ಆ ಸಂಖ್ಯೆ ಒಳಗೆ ಇದ್ದರೆಂತ, ಹೊರಗೆ ಇದ್ದರೆಂತ, ಅದು ನಿನಗೆ ಅನ್ನ ಹಾಕ್ತದಾ?”

ಬೆಂಚಿನಿಂದ ಸ್ವರ ಬಂತು. “ಅಮ್ಮನಿಗೆ ಹೇಳು, ಹುಡುಗಿ ಸರಿಯಾಗಿಯೇ ಹೇಳಿದ್ದಾಳೆ ಅಂತ.”

ನಾನು ಅಮ್ಮನ ಕಡೆ ತಿರುಗಿ, “ಅಮ್ಮ, ನಾನು ಸರಿಯಾಗಿ ಹೇಳಿದ್ದೇನಂತೆ” ಎಂದೆ. ನನ್ನ ಹೊಗಳಿಕೆಯನ್ನು ನಾನೇ ಹೊತ್ತು ದಾಟಿಸುವ ಗತಿ ಬಂತಲ್ಲ ಎಂದುಕೊಂಡೆ. ಅಮ್ಮ, “ಮಾಮನಿಗೇನು, ಕೂತಲ್ಲಿಂದ ಹೇಳಬಹುದು ಅಂತ ಹೇಳು” ಎಂದು ಒಳಗೆ ಹೋದಳು. ಅದನ್ನು ದಾಟಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಆಮೇಲೆ ಕಾಯುವ ದಿನಗಳು. ಎಚ್‌ಒಡಿಯವರು ಎದುರು ಸಿಕ್ಕಾಗಲೆಲ್ಲ ನೋಟಿಸ್ ಬೋರ್ಡು ಓದುತ್ತಿದ್ದರು. ಗುಮಾಸ್ತರು ಕೂಡ ಬಾಯಿ ಬಿಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಈ ಕೆಲಸ ಹೋದರೆ ಬೇರೆ ಕೆಲಸ ಸಿಗುವುದಿಲ್ಲ ಎಂದಲ್ಲ, ನಾನು ಪಾಠ ಮಾಡುವುದನ್ನು ಇಷ್ಟಪಡುತ್ತೇನೆ ಎಂದು ಆ ಬೋಟು ಬಂದ ದಿನವಷ್ಟೇ ನನಗೆ ಗೊತ್ತಾಗಿತ್ತು. ಗೊತ್ತಾದ ಮರುದಿನವೇ ಕಳೆದುಕೊಳ್ಳುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಒಂದು ಶನಿವಾರ ಕಾಲೇಜಿಗೆ ರಜೆ. ನಾನು ಹಿತ್ತಲಿನಲ್ಲಿ ಬಾವಿಕಟ್ಟೆಯ ಹತ್ತಿರ ಬೆಡ್‌ಶೀಟು ಒಗೆಯುತ್ತಿದ್ದೆ. ಮೊಬೈಲು ಚಾವಡಿಯ ಕಿಟಕಿಯಲ್ಲಿತ್ತು. ಅದು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಮಾಮ ಎತ್ತಿದರು. ಇಡೀ ಆಯುಷ್ಯ ಎಂಜಿನಿನ ಸದ್ದಿನ ಮೇಲೆ ಮಾತಾಡಿದವರಾದ್ದರಿಂದ ಅವರು ಫೋನಿನಲ್ಲಿ ಮಾತಾಡಿದರೆ ಹಿತ್ತಲಿಗೇನು, ಕಡಲಿಗೂ ಕೇಳಿಸುತ್ತದೆ.

“ಹಲೋ! ಯಾರು? ಇಲ್ಲ, ಅವಳು ಬಟ್ಟೆ ಒಗೀತಾ ಇದ್ದಾಳೆ! ನಾನು ಅವಳ ಮಾಮ! ಮಾಮ! ಹೇಳಿ, ನಾನು ಹೇಳ್ತೇನೆ ಅವಳಿಗೆ!” ನಾನು ಬೆಡ್‌ಶೀಟು ಬಿಟ್ಟು ಕಿವಿಗೊಟ್ಟೆ. “ಹೌದಾ? ಹೌದಾ! ಎಂತ ಉಂಟು ಪುಸ್ತಕದಲ್ಲಿ? ಆಯ್ತು. ಆಯ್ತು ಸ್ವಾಮಿ!”

ನಾನು ಸಾಬೂನಿನ ಕೈಯಲ್ಲೇ ಎದ್ದೆ. ಮಾಮ ಹಿತ್ತಲಿಗೆ ಬರುತ್ತಾರೆಂದು ಕಾದೆ. ಬರಲಿಲ್ಲ. ಹಿತ್ತಲು ದೂರವಾಯಿತೋ, ಅಷ್ಟು ಹೊತ್ತು ತಡೆದುಕೊಳ್ಳಲು ಆಗಲಿಲ್ಲವೋ, ಅವರ ಹೆಜ್ಜೆ ಅಡುಗೆಮನೆಯ ಕಡೆಗೆ ಹೋದದ್ದು ಕೇಳಿಸಿತು.

“ಸಿಕ್ಕಿತು!”

“ಎಂತ ಸಿಕ್ಕಿತು?” ಅಮ್ಮನ ಸ್ವರ.

“ಕೆಲಸ! ಖಾಯಂ ಅಂತೆ! ಅವಳ ದೊಡ್ಡ ಸಾರ್, ಆ ನೋಟ್ಸು ಬರೆದವರೇ, ಫೋನ್ ಮಾಡಿದ್ದು.”

“ಸರಿಯಾಗಿ ಕೇಳಿಸಿಕೊಂಡಿಯಾ ಅಣ್ಣ? ಖಾಯಂ ಅಂತಲೇ ಹೇಳಿದರಾ?”

“ನನಗೇನು ಕಿವಿ ಕೇಳಿಸುವುದಿಲ್ವಾ? ಸೋಮವಾರ ಆಫೀಸಿಗೆ ಬರಬೇಕಂತೆ. ಮತ್ತೆ ಅವರ ಪುಸ್ತಕದಲ್ಲಿ ಮೊದಲ ಸಾಲು ತಪ್ಪುಂಟಂತೆ, ಇವಳೇ ತಿದ್ದಿ ಕೊಡಬೇಕಂತೆ.”

“ಅವರ ತಪ್ಪನ್ನು ಇವಳು ಯಾಕೆ ತಿದ್ದುವುದು? ನೀನು ಕೇಳಬೇಕಿತ್ತಲ್ಲ.”

“ಕೆಲಸ ಕೊಟ್ಟವರ ಹತ್ತಿರ ಹಾಗೆ ಕೇಳಲಿಕ್ಕಾಗ್ತದಾ? ಒಂದು ಸಾಲು ತಿದ್ದಿದರೆ ಅವಳ ಕೈ ಸವೆಯುವುದಿಲ್ಲ.”

“ನಿನಗೆ ಯಾವಾಗಲೂ ಹಾಗೆ, ಹೊರಗಿನವರ ಹತ್ತಿರ ಬಾಯಿಯೇ ಬರುವುದಿಲ್ಲ.”

“ನಿನ್ನ ಬಾಯಿ ಒಂದೇ ಸಾಕು ಈ ಊರಿಗೆ.”

ನಾನು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದೆ. ಮಾಮ ಒಲೆಯ ಪಕ್ಕದಲ್ಲಿ, ಅಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ಅವರ ಎದುರಿಗೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಮನಸಾರೆ ಜಗಳವಾಡುತ್ತಿದ್ದರು. ನನ್ನ ಕೈಯಿಂದ ಸಾಬೂನಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬೇರೆ ದಿನವಾಗಿದ್ದರೆ ಅಮ್ಮ ಅದಕ್ಕೇ ಬೈಯುತ್ತಿದ್ದಳು. ನನಗೆ ಅಳು ಬಂತು, ತೋಳಿನಿಂದಲೇ ಒರೆಸಿಕೊಂಡೆ. ನನಗೆ ಕೆಲಸ ಸಿಕ್ಕಿದೆ ಎಂದು ನನಗೂ ಹೇಳಬೇಕೆಂಬುದು ಇಬ್ಬರಿಗೂ ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ.